ಹೊಟ್ಟೆ ಖಾಲಿ ಇದ್ದಾಗ ಸ್ವಭಾವದ ತೀರ್ಪು ಬೇಡ

ಮಂಗಳೂರಿನ ಶಕ್ತಿನಗರದಂಥ ಬಡಾವಣೆಯಲ್ಲಿ ಊಟ ಬಿಡುವವರಿಗೆ ನೆಪಕ್ಕೆ ಬರವಿಲ್ಲ. ಒಂದು ಮನೆಯಲ್ಲಿ ಏಕಾದಶಿ, ಪಕ್ಕದ ಮನೆಯಲ್ಲಿ ರಂಜಾನ್, ಎದುರು ಮನೆಯಲ್ಲಿ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತ. ಅದರ ಮೇಲೆ ಬೆಳಗ್ಗೆ ಬೇಗ ನೀಟ್ ಕೋಚಿಂಗ್, ಸಂಜೆ ಟ್ಯೂಷನ್, ನಡುವೆ ತಿರುಗಿ ಮನೆಗೆ ಬರುವ ಬುತ್ತಿ. ಹೀಗಿರುವಾಗ ಪಿಯುಸಿ ಓದುವ ಮಗಳು ರಾತ್ರಿ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿದರೆ ಯಾರೂ ಗಾಬರಿಯಾಗುವುದಿಲ್ಲ. “ಎರಡು ತುತ್ತಾದರೂ ಉಣ್ಣು ಮಗಾ” ಎನ್ನುತ್ತಾರೆ ಅಮ್ಮ. “ಬೇಡಮ್ಮ, ಹೊಟ್ಟೆ ಉಬ್ಬಿದ ಹಾಗೆ ಆಗ್ತದೆ” ಎನ್ನುತ್ತಾಳೆ ಮಗಳು. ಮಾತು ಅಲ್ಲಿಗೆ ಮುಗಿಯುತ್ತದೆ.

ಕೆಲವು ತಿಂಗಳಲ್ಲಿ ಸಮವಸ್ತ್ರ ಸಡಿಲವಾಗುತ್ತದೆ. ಮುಟ್ಟು ನಿಲ್ಲುತ್ತದೆ, ಕೂದಲು ಉದುರುತ್ತದೆ, ಮಂಗಳೂರಿನ ಸೆಕೆಯಲ್ಲೂ ಚಳಿ ಎನ್ನುತ್ತಾಳೆ. ಗ್ಯಾಸ್ಟ್ರಿಕ್ ಮಾತ್ರೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಒಂದಾದ ಮೇಲೊಂದು ನಡೆಯುತ್ತವೆ. ರಿಪೋರ್ಟ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಅಷ್ಟರಲ್ಲಿ ಅವಳು ಮಾತುಮಾತಿಗೆ ಸಿಡುಕುತ್ತಾಳೆ, ಗೆಳತಿಯರ ಫೋನ್ ಎತ್ತುವುದಿಲ್ಲ, ಸುಳ್ಳೂ ಹೇಳುತ್ತಾಳೆ. ಆಗ ಮನೆಯವರು ಒಂದು ತೀರ್ಮಾನಕ್ಕೆ ಬರುತ್ತಾರೆ: “ಇವಳ ಸ್ವಭಾವವೇ ಹೀಗೆ.” ಕೆಲವೊಮ್ಮೆ ಆಸ್ಪತ್ರೆಯ ಫೈಲಿನಲ್ಲೂ ಅದೇ ತೀರ್ಮಾನ ‘ಪರ್ಸನಾಲಿಟಿ ಡಿಸಾರ್ಡರ್’ ಎಂಬ ದೊಡ್ಡ ಹೆಸರಿನಲ್ಲಿ ಕೂರುತ್ತದೆ. ಈ ತೀರ್ಮಾನಕ್ಕೆ ಅವಸರ ಸಲ್ಲದು ಎನ್ನಲು ಸಂಶೋಧನೆಯಲ್ಲಿ ಗಟ್ಟಿಯಾದ ಆಧಾರಗಳಿವೆ.

ಮೊದಲು ಕಾಯಿಲೆಗಳ ಪರಿಚಯ. ಅನೊರೆಕ್ಸಿಯಾ ನರ್ವೋಸಾದಲ್ಲಿ ವ್ಯಕ್ತಿ ಅಪಾಯಕಾರಿ ಮಟ್ಟಕ್ಕೆ ಊಟ ಕಡಿಮೆ ಮಾಡುತ್ತಾರೆ. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಹೆಸರಿಟ್ಟ ಬುಲಿಮಿಯಾದಲ್ಲಿ ಕೈಮೀರಿ ತಿನ್ನುವುದು, ಆಮೇಲೆ ಅದನ್ನು ಹೇಗಾದರೂ ಹೊರಹಾಕುವುದು ಒಂದರ ಹಿಂದೊಂದು ನಡೆಯುತ್ತವೆ. ಬಿಂಜ್ ಈಟಿಂಗ್‌ನಲ್ಲಿ ಕೈಮೀರಿ ತಿನ್ನುವುದಷ್ಟೇ ಇರುತ್ತದೆ. ಇವು ಹುಡುಗಿಯರ ಕಾಯಿಲೆ ಮಾತ್ರವಲ್ಲ. ಜಿಮ್ಮಿನ ಹೆಸರಲ್ಲಿ ಅನ್ನ ಬಿಟ್ಟ ಹುಡುಗರೂ ಇದಕ್ಕೆ ಸಿಲುಕುತ್ತಾರೆ, ಅವರ ಮೇಲೆ ಅನುಮಾನ ಬರುವುದು ಇನ್ನೂ ತಡವಾಗಿ. ಅನೊರೆಕ್ಸಿಯಾ ಜೀವ ತೆಗೆಯುವ ಕಾಯಿಲೆ. 2011ರಲ್ಲಿ 36 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ಕಾಯಿಲೆಯವರ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಐದು ಪಟ್ಟಿಗೂ ಹೆಚ್ಚು ಎಂದು ಕಂಡುಬಂತು. ಆ ಸಾವುಗಳಲ್ಲಿ ಸುಮಾರು ಐದಕ್ಕೊಂದು ಆತ್ಮಹತ್ಯೆ.

ವ್ಯಕ್ತಿತ್ವದ ತೊಂದರೆ ಬೇರೆ ಬಗೆಯದು. ತನ್ನ ಬಗ್ಗೆ ಇರುವ ಭಾವನೆ, ಇತರರೊಂದಿಗಿನ ಸಂಬಂಧ, ಸಿಟ್ಟು ಮತ್ತು ಆವೇಗಗಳ ಮೇಲಿನ ಹಿಡಿತ ವರ್ಷಗಟ್ಟಲೆ ಹದ ತಪ್ಪಿರುವ ಸ್ಥಿತಿ ಅದು. ಇವುಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಬಾರ್ಡರ್‌ಲೈನ್ ಎಂಬ ಬಗೆ: ತನ್ನವರು ಬಿಟ್ಟುಹೋಗುತ್ತಾರೆಂಬ ತೀವ್ರ ಭಯ, ಕ್ಷಣಕ್ಕೊಂದು ಮನಸ್ಥಿತಿ, ತನಗೇ ಹಾನಿ ಮಾಡಿಕೊಳ್ಳುವ ತುಡಿತ.

ನಮ್ಮಲ್ಲಿ ಊಟಕ್ಕೆ ಸಂಬಂಧಿಸಿದ ಈ ಕಾಯಿಲೆಗಳೇ ಇಲ್ಲವೆಂಬ ನಂಬಿಕೆ ಬಹುಕಾಲ ಇತ್ತು. 1995ರಲ್ಲಿ ದೆಹಲಿಯ ವೈದ್ಯರು ಐವರು ಯುವತಿಯರ ವಿವರ ಪ್ರಕಟಿಸಿದರು. ಊಟ ಬೇಡವೆನ್ನುವುದು, ಬಿಡದ ವಾಂತಿ, ತೂಕ ಇಳಿಕೆ, ಮುಟ್ಟು ನಿಂತಿರುವುದು ಎಲ್ಲ ಇತ್ತು. ಆದರೆ ಪಾಶ್ಚಾತ್ಯ ಪಠ್ಯಗಳು ಹೇಳುವಂತೆ ‘ದಪ್ಪಗಿದ್ದೇನೆ’ ಎಂಬ ಕೊರಗು ಕಾಣಲಿಲ್ಲ. ಹಾಂಗ್‌ಕಾಂಗ್‌ನಲ್ಲಿ ಮನೋವೈದ್ಯ ಸಿಂಗ್ ಲೀ ಕೂಡ 1990ರ ದಶಕದಲ್ಲಿ ಇದನ್ನೇ ಕಂಡರು. ಅವರ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದಪ್ಪಗಾಗುವ ಭಯ ಹೇಳಲಿಲ್ಲ, ಹೊಟ್ಟೆ ಉಬ್ಬರಿಸುತ್ತದೆ, ಹಸಿವಿಲ್ಲ ಎಂದರು. ನಮ್ಮ ಮಕ್ಕಳು ಮೊದಲು ಹೊಟ್ಟೆಯ ಡಾಕ್ಟರ ಬಾಗಿಲಲ್ಲಿ ನಿಲ್ಲುವುದು ಏಕೆಂದು ಇದರಿಂದ ತಿಳಿಯುತ್ತದೆ.

ಕರ್ನಾಟಕದಲ್ಲೂ ಕೆಲಸ ನಡೆದಿದೆ. ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನೇ ಪ್ರಶ್ನಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಉತ್ತರಿಸಿದವರಲ್ಲಿ ಮೂರನೇ ಎರಡರಷ್ಟು ಮಂದಿ ಇಂಥ ರೋಗಿಯನ್ನು ನೋಡಿದ್ದರು. 2018ರಲ್ಲಿ ಮೈಸೂರಿನಿಂದ ಇನ್ನೊಂದು ವರದಿ ಬಂತು: 15ರಿಂದ 25 ವರ್ಷದ 1600 ವಿದ್ಯಾರ್ಥಿಗಳಲ್ಲಿ ಸುಮಾರು ಶೇ 26ರಷ್ಟು ಮಂದಿಯ ಆಹಾರದ ಧೋರಣೆ ಅಪಾಯದ ಕಡೆಗೆ ವಾಲಿತ್ತು.

ಈ ಶೇ 26ನ್ನು ಎಚ್ಚರದಿಂದ ಓದಬೇಕು. ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ ಇದೆ ಎಂದು ಇದರರ್ಥವಲ್ಲ. ಇವು ಪ್ರಶ್ನಾವಳಿಯ ಅಂಕಗಳು. ಯಾರನ್ನು ಮುಂದೆ ಕೂರಿಸಿಕೊಂಡು ವಿಚಾರಿಸಬೇಕು ಎಂಬುದನ್ನಷ್ಟೇ ಹೇಳುತ್ತವೆ. ಅಲ್ಲದೆ ಇಂಥ ಪ್ರಶ್ನಾವಳಿಗಳು ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿದವು. ‘ಹಸಿವಾದಾಗಲೂ ತಿನ್ನದೆ ಇರುತ್ತೇನೆ’ ಎಂಬ ಸಾಲಿಗೆ, ಕಾಯಿಲೆಯೇ ಇಲ್ಲದ ವ್ರತನಿಷ್ಠೆಯ ಹುಡುಗಿ ‘ಹೌದು’ ಎಂದು ಗುರುತು ಹಾಕಬಹುದು. ‘ದಪ್ಪಗಾಗುವ ಭಯವಿದೆ’ ಎಂಬ ಸಾಲಿಗೆ, ಕಾಯಿಲೆಯಲ್ಲಿ ಮುಳುಗಿದವಳೇ ‘ಇಲ್ಲ’ ಎನ್ನಬಹುದು. ಹೀಗೆ ಎಣಿಕೆ ಎರಡೂ ಕಡೆ ತಪ್ಪುತ್ತದೆ. ಎದುರು ಕೂತು ಕೇಳುವ ವೈದ್ಯರ ಕೆಲಸವನ್ನು ಯಾವ ಕಾಗದವೂ ಮಾಡಲಾರದು.

ಇನ್ನು ಸ್ವಭಾವದ ವಿಷಯ. ಹಸಿವೆ ಅದನ್ನು ಹೇಗೆ ಬದಲಿಸುತ್ತದೆಂದು ಒಂದು ಹಳೆಯ ಪ್ರಯೋಗ ತೋರಿಸಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಹಸಿದವರನ್ನು ಮತ್ತೆ ಚೇತರಿಸುವುದು ಹೇಗೆಂದು ತಿಳಿಯಬೇಕಿತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞ 36 ಯುವಕರ ಮೇಲೆ ಪ್ರಯೋಗ ನಡೆಸಿದರು. 1944ರ ನವೆಂಬರ್‌ನಲ್ಲಿ ಶುರುವಾಯಿತು. ಆ ಯುವಕರು ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದೆ ಸ್ವಇಚ್ಛೆಯಿಂದ ಬಂದವರು. ದೇಹ ಮತ್ತು ಮನಸ್ಸು ಎರಡೂ ಗಟ್ಟಿಯಾಗಿದ್ದವರನ್ನೇ ಆರಿಸಿದ್ದರು. ಸುಮಾರು ಆರು ತಿಂಗಳು ಅವರಿಗೆ ಅರೆಹೊಟ್ಟೆಯ ಊಟ. ತೂಕ ಕಾಲು ಭಾಗದಷ್ಟು ಇಳಿಯಿತು.

ಅವರ ನಡವಳಿಕೆಯೂ ಬದಲಾಯಿತು. ಅಡುಗೆಮನೆಯ ಕಡೆ ತಲೆಹಾಕದ ಗಂಡಸರು ಪಾಕಪುಸ್ತಕ ಸಂಗ್ರಹಿಸತೊಡಗಿದರು. ತಟ್ಟೆಯಲ್ಲಿದ್ದ ಸ್ವಲ್ಪ ಊಟವನ್ನು ಗಂಟೆಗಟ್ಟಲೆ ಎಳೆದರು, ಕಲಸಿ ಕಲಸಿ ತಿಂದರು, ಕೊನೆಗೆ ತಟ್ಟೆ ನೆಕ್ಕಿದರು. ಕಾಫಿ, ಚ್ಯೂಯಿಂಗ್ ಗಮ್‌ಗೆ ಮಿತಿ ಹಾಕಬೇಕಾಯಿತು. ನಗು ಹೋಯಿತು, ಸಿಡುಕು ಬಂತು, ಹೆಣ್ಣುಮಕ್ಕಳ ಮೇಲಿನ ಆಸಕ್ತಿಯೂ ಆರಿತು. ಗುಂಪಿನಲ್ಲಿದ್ದೂ ಒಂಟಿಯಾದರು. ಕೆಲವರು ಕದ್ದು ತಿಂದು ಆಮೇಲೆ ಕೊರಗಿದರು. ಮನಸ್ಸಿನ ಪರೀಕ್ಷೆಗಳಲ್ಲಿ ಖಿನ್ನತೆಯ ಅಂಕ ಏರಿತು. ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕಿದ ಮೇಲೂ ಹಲವರು ಎಷ್ಟು ತಿಂದರೂ ಸಾಲದೆಂದು ತಿಂದರು, ಮನಸ್ಸು ಮೊದಲಿನಂತಾಗಲು ತಿಂಗಳುಗಳೇ ಬೇಕಾದವು. 1950ರಲ್ಲಿ ಎರಡು ಸಂಪುಟಗಳಲ್ಲಿ ಈ ವಿವರ ಪ್ರಕಟವಾಯಿತು.

ಆ ಯುವಕರಿಗೆ ಅನೊರೆಕ್ಸಿಯಾ ಇರಲಿಲ್ಲ, ಉಣ್ಣಲು ಹಾತೊರೆಯುತ್ತಿದ್ದರು. ಆದರೂ ನಾವು ‘ಸ್ವಭಾವ’ ಎನ್ನುವ ಎಷ್ಟೋ ಸಂಗತಿಗಳನ್ನು ಬರೀ ಹಸಿವೆಯೇ ಅವರಲ್ಲಿ ಹುಟ್ಟಿಸಿತು. ಮಗಳ ಸಿಡುಕು, ಗುಟ್ಟು, ಒಂಟಿತನ, ತಾನು ಉಣ್ಣದೆ ಮನೆಯವರಿಗೆಲ್ಲ ಅಡುಗೆ ಮಾಡಿ ಬಡಿಸುವ ಹುಮ್ಮಸ್ಸು ಇವುಗಳಲ್ಲಿ ಎಷ್ಟು ಪಾಲು ಹಸಿವೆಯದು, ಎಷ್ಟು ಅವಳದು ಎಂದು ಹೊಟ್ಟೆ ಖಾಲಿ ಇರುವ ತನಕ ಯಾರೂ ಬಿಡಿಸಿ ಹೇಳಲಾರರು. ಜ್ವರ ಇರುವವರ ನಾಡಿ ಹಿಡಿದು ಅವರ ಮಾಮೂಲಿ ನಾಡಿಬಡಿತ ಇಷ್ಟೆಂದು ಬರೆದಿಟ್ಟರೆ ಹೇಗೋ, ಇದೂ ಹಾಗೆ.

ಹಾಗೆಂದು ಸ್ವಭಾವಕ್ಕೆ ಪಾತ್ರವೇ ಇಲ್ಲವೆಂದಲ್ಲ. ಎಲ್ಲವೂ ತಪ್ಪಿಲ್ಲದೆ ಇರಬೇಕೆಂಬ ಹಟ ಅನೇಕರಲ್ಲಿ ಕಾಯಿಲೆಗೆ ಮೊದಲೇ ಇರುತ್ತದೆ, ಗುಣವಾದ ಮೇಲೂ ಒಂದಷ್ಟು ಉಳಿಯುತ್ತದೆ. 2001ರಲ್ಲಿ ಡ್ರೂ ವೆಸ್ಟನ್ ಮತ್ತು ಜೆನಿಫರ್ ಹಾರ್ನ್‌ಡೆನ್-ಫಿಶರ್ ಈ ರೋಗಿಗಳಲ್ಲಿ ಮೂರು ಬಗೆಯ ವ್ಯಕ್ತಿತ್ವ ಗುರುತಿಸಿದರು: ಎಲ್ಲದರಲ್ಲೂ ಮುಂದಿದ್ದು ತನ್ನನ್ನೇ ದಂಡಿಸಿಕೊಳ್ಳುವವರು, ಭಾವನೆಗಳನ್ನೆಲ್ಲ ಅದುಮಿ ಮುದುಡಿದವರು, ಭಾವನೆಗಳು ಕೈಮೀರಿ ಉಕ್ಕುವವರು. ಮೊದಲನೆಯವಳಿಗೆ ಹೇಳಬೇಕಾದ ಮಾತು ಮೂರನೆಯವಳಿಗೆ ಒಗ್ಗುವುದಿಲ್ಲ. ಆದ್ದರಿಂದ ವ್ಯಕ್ತಿತ್ವ ನೋಡುವುದು ಚಿಕಿತ್ಸೆ ಹೊಂದಿಸುವುದಕ್ಕೆ, ಹಣೆಪಟ್ಟಿ ಹಚ್ಚುವುದಕ್ಕಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಅಮೆರಿಕದ ರೋಗನಿರ್ಣಯ ಕೈಪಿಡಿಯಲ್ಲಿ ಬಾರ್ಡರ್‌ಲೈನ್ ವ್ಯಕ್ತಿತ್ವದ ಲಕ್ಷಣವಾದ ‘ದುಡುಕಿನ ವರ್ತನೆ’ಗೆ ಕೊಟ್ಟ ಉದಾಹರಣೆಗಳಲ್ಲಿ ಕೈಮೀರಿ ತಿನ್ನುವುದೂ ಒಂದು. ಅಂದರೆ ಒಂದೇ ನಡವಳಿಕೆ ಎರಡು ಕಾಯಿಲೆಗಳ ಲೆಕ್ಕಕ್ಕೂ ಸೇರಬಹುದು. ‘ಎರಡೂ ಒಟ್ಟಿಗೆ ಇವೆ’ ಎನ್ನುವ ಅಂಕಿಅಂಶ ಕಂಡಾಗ ಇದು ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಐಸಿಡಿ-11, 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ವ್ಯಕ್ತಿತ್ವದ ತೊಂದರೆಯನ್ನು ಮುಖ್ಯವಾಗಿ ತೀವ್ರತೆಯ ಮೇಲೆ ಅಳೆಯುತ್ತದೆ: ಸೌಮ್ಯ, ಮಧ್ಯಮ, ತೀವ್ರ. ತೊಂದರೆ ಸುಮಾರು ಎರಡು ವರ್ಷವಾದರೂ ಉಳಿದಿರಬೇಕು, ಬೇರೆ ಕಾಯಿಲೆಯಿಂದ ಬಂದದ್ದಾಗಿರಬಾರದು. ನಾಲ್ಕು ತಿಂಗಳ ಸಿಡುಕಿಗೆ ಈ ಹೆಸರು ಸಲ್ಲುವುದಿಲ್ಲ.

ಹೆಸರು ಸರಿಯಾಗಿಯೇ ಅಂಟಿದರೂ ಅದು ಜೀವಾವಧಿ ಶಿಕ್ಷೆಯಲ್ಲ. ಬಾಸ್ಟನ್ ಸಮೀಪದ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಜನಾರಿನಿ ತಂಡ ಬಾರ್ಡರ್‌ಲೈನ್ ಇದ್ದ 290 ಒಳರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಹತ್ತು ವರ್ಷಗಳಲ್ಲಿ ಶೇ 93 ಮಂದಿಯ ಲಕ್ಷಣಗಳು ಕನಿಷ್ಠ ಎರಡು ವರ್ಷ ತಗ್ಗಿದ್ದವು. ಆದರೆ ಕೆಲಸ, ಸಂಬಂಧ ಎರಡರಲ್ಲೂ ನೆಲೆನಿಂತವರು ಅರ್ಧದಷ್ಟು ಮಾತ್ರ. ಲಕ್ಷಣ ತಗ್ಗುವುದು ಬೇಗ, ಬದುಕು ಕಟ್ಟಿಕೊಳ್ಳುವುದು ನಿಧಾನ.

ಊಟ ಬಿಟ್ಟವರ ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಊಟಕ್ಕೆ, ಅದೂ ವೈದ್ಯರ ನಿಗಾದಲ್ಲಿ. ಬಹಳ ದಿನ ಸೊರಗಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಊಟ ಹಾಕಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಹದಿಹರೆಯದವರ ಅನೊರೆಕ್ಸಿಯಾಕ್ಕೆ ಕುಟುಂಬವನ್ನೇ ಜೊತೆಗಿಟ್ಟುಕೊಳ್ಳುವ ವಿಧಾನಕ್ಕೆ ಒಳ್ಳೆಯ ಪುರಾವೆಯಿದೆ. ಇದರಲ್ಲಿ ಊಟದ ಹೊಣೆ ಸ್ವಲ್ಪ ಕಾಲ ಅಪ್ಪ-ಅಮ್ಮನದು. ದೂಷಣೆಗೆ ಜಾಗವಿಲ್ಲ. 2010ರಲ್ಲಿ ಪ್ರಕಟವಾದ, 121 ಮಕ್ಕಳ ಅಮೆರಿಕದ ಪ್ರಯೋಗದಲ್ಲಿ ಚಿಕಿತ್ಸೆ ಮುಗಿದ ಒಂದು ವರ್ಷಕ್ಕೆ ಹೀಗೆ ನೋಡಿಕೊಂಡವರಲ್ಲಿ ಸುಮಾರು ಅರ್ಧ ಮಂದಿ ಪೂರ್ತಿ ಚೇತರಿಸಿದ್ದರು, ಮಗುವಿನೊಂದಿಗೆ ಮಾತ್ರ ಮಾತಾಡಿದ ಗುಂಪಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಭಾವನೆಗಳು ಉಕ್ಕುವವರಿಗೆ ಮಾರ್ಷಾ ಲಿನೆಹಾನ್ ರೂಪಿಸಿದ ಡಿಬಿಟಿ ಎಂಬ ತರಬೇತಿಯಂಥ ಚಿಕಿತ್ಸೆ ನೆರವಾಗುತ್ತದೆ. ಬುಲಿಮಿಯಾಕ್ಕೆ ಮಾತಿನ ಚಿಕಿತ್ಸೆಯ ಜೊತೆ ಕೆಲವೊಮ್ಮೆ ಔಷಧಿಯೂ ಬೇಕಾದೀತು.

ಶಕ್ತಿನಗರದವರು ಇದಕ್ಕಾಗಿ ಬೆಂಗಳೂರಿಗೆ ಓಡುವ ಮೊದಲು ವೆನ್ಲಾಕ್ ಆಸ್ಪತ್ರೆಯಲ್ಲೋ ನಗರದ ಯಾವುದೇ ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗದಲ್ಲೋ ವಿಚಾರಿಸಬಹುದು. ಎಲ್ಲಿ ಶುರು ಮಾಡಬೇಕೆಂದು ತಿಳಿಯದವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ತಲೆ ಸುತ್ತಿ ಬೀಳುವುದು, ಎದೆ ಬಡಿತ ಏರುಪೇರಾಗುವುದು, ಸಾಯುವ ಮಾತು ಆಡುವುದು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು.

ಹಾಸ್ಟೆಲ್ ವಾರ್ಡನ್‌ಗಳು, ಉಪನ್ಯಾಸಕರು, ಕುಟುಂಬದ ವೈದ್ಯರು ಒಂದು ಪ್ರಶ್ನೆಯನ್ನು ರೂಢಿ ಮಾಡಿಕೊಳ್ಳಲಿ: “ಊಟ ಬಿಡುವ ಮೊದಲು ಈ ಮಗು ಹೇಗಿತ್ತು?” ಮನೆಯವರು ಇದಕ್ಕೆ ಸಾವಧಾನವಾಗಿ ಉತ್ತರಿಸಿ, ಬರೆದಿಟ್ಟುಕೊಂಡು ವೈದ್ಯರಿಗೆ ಕೊಡಲಿ. ನಗುತ್ತ ಓಡಾಡುತ್ತಿದ್ದ ಮಗು ಬದಲಾಗಿದ್ದರೆ ಮೊದಲು ಗುಣವಾಗಬೇಕಾದ್ದು ಹಸಿವೆ. ಚಿಕ್ಕಂದಿನಿಂದಲೂ ಕಷ್ಟಗಳಿದ್ದರೆ, ತೂಕ ಮರಳಿದ ಮೇಲೆ ಅವಕ್ಕೂ ಬೇರೆ ಚಿಕಿತ್ಸೆ ನಡೆಯಬೇಕು. ಎರಡರಲ್ಲೂ ಊಟವೇ ಮೊದಲು. ಸ್ವಭಾವದ ಬಗ್ಗೆ ಫೈಲಿನಲ್ಲಿ ಬರೆಯುವುದು ಆಮೇಲಾದರೂ ನಷ್ಟವಿಲ್ಲ.