ಎಷ್ಟು ಕೊಡುತ್ತದೆ?

ಮೋಟಾರು ಸೈಕಲ್ಲನ್ನು ಕಂಡ ಕೂಡಲೇ ನಮ್ಮ ಜನ ಕೇಳುವ ಪ್ರಶ್ನೆ ಒಂದೇ: “ಎಷ್ಟು ಕೊಡುತ್ತೆ?” ಏನನ್ನು ಕೊಡುತ್ತದೆ, ಯಾರಿಗೆ ಕೊಡುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಒಂದು ಲೀಟರು ಪೆಟ್ರೋಲಿಗೆ ಎಷ್ಟು ಕಿಲೋಮೀಟರು ಎಂಬುದು ಪ್ರಶ್ನೆಯ ಅರ್ಥ. ಕಳೆದ ವಾರ ನನ್ನ ವಿದ್ಯಾರ್ಥಿಯೊಬ್ಬ ಹಳಗನ್ನಡದ ತರಗತಿ ಮುಗಿದ ಮೇಲೆ ಬಾಗಿಲ ಬಳಿ ಕಾದು ನಿಂತಿದ್ದ. ಚಂಪೂ ಕಾವ್ಯದಲ್ಲಿ ಏನೋ ಸಂದೇಹ ಹುಟ್ಟಿರಬೇಕೆಂದು ನಾನು ಹಿಗ್ಗಿದೆ. ಆತ ಕೇಳಿದ್ದು ಬೇರೆ. ರಜೆಯಲ್ಲಿ ಗೆಳೆಯರೊಡನೆ ಲಡಾಖಿಗೆ ಹೊರಟಿದ್ದಾನಂತೆ. “ಸಾರ್, ನೀವು ಹೋಗಿ ಬಂದಿದ್ದೀರಂತೆ. ನಿಮ್ಮ ಬುಲೆಟ್ಟು ಅಲ್ಲಿ ಎಷ್ಟು ಕೊಡ್ತು?”

ಆ ಪ್ರಶ್ನೆಗೆ ಒಂದು ಅಂಕಿ ಹೇಳಿ ಕಳುಹಿಸಿದೆ. ಆದರೆ ಅಂಕಿಯ ಹಿಂದೆ ಒಂದು ಕಥೆಯಿದೆ. ಅದನ್ನು ಆ ಹುಡುಗನಿಗೆ ಹೇಳಲು ಅಂದು ಧೈರ್ಯ ಸಾಲಲಿಲ್ಲ. ವಾಚಕರ ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕದ ಮಾತು. ಕಂಪನಿಯವರು ಹೇಳುವ ಮೈಲೇಜು ಸುಳ್ಳೆಂದು ಹಲವರು ಬಯ್ಯುವುದುಂಟು. ಅದು ಸುಳ್ಳಲ್ಲ, ಪ್ರಯೋಗಶಾಲೆಯ ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗದಲ್ಲಿ, ಗೊತ್ತುಪಡಿಸಿದ ಭಾರ ಹೊತ್ತು ಬಂಡಿ ಓಡಿದಾಗ ಬಂದ ಅಂಕಿ ಅದು. ದಾರಿಗೆ ಇಳಿದೊಡನೆ ಗಾಳಿ, ಏರು, ಕೆಸರು, ಹೆಗಲಚೀಲ, ಹಿಂದೆ ಕುಳಿತ ಭಾವಮೈದುನ ಎಲ್ಲರೂ ತಮ್ಮ ತಮ್ಮ ಪಾಲನ್ನು ಕೇಳುತ್ತಾರೆ. ಇವರಲ್ಲೆಲ್ಲ ದೊಡ್ಡ ಪಾಲುಗಾರ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಸಾಗುತ್ತಿದ್ದವನು ೮೦ಕ್ಕೆ ಏರಿದರೆ ವೇಗ ಹೆಚ್ಚುವುದು ಮೂರನೆಯ ಒಂದು ಪಾಲು ಮಾತ್ರ; ಗಾಳಿಯ ತಡೆಯಾದರೋ ಸುಮಾರು ಒಂದೂ ಮುಕ್ಕಾಲರಷ್ಟಾಗುತ್ತದೆ. ಟೈರಿನಲ್ಲಿ ಗಾಳಿ ಕಡಮೆಯಿದ್ದರೆ ಅದಕ್ಕೂ ತೆರಿಗೆ ಉಂಟು. ಆದುದರಿಂದ ನಿಮ್ಮ ಬಂಡಿಯ ಮೈಲೇಜನ್ನು ನೀವೇ ಕಂಡುಕೊಳ್ಳಬೇಕು. ಉಪಾಯ ಸರಳ: ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ, ಇನ್ನೂರು ಕಿಲೋಮೀಟರು ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿರಿ. ಎರಡನೆಯ ಸಲ ಹಿಡಿದ ಲೀಟರುಗಳಿಂದ ಇನ್ನೂರನ್ನು ಭಾಗಿಸಿದರೆ ನಿಮ್ಮ ಬಂಡಿ, ನಿಮ್ಮ ಭಾರ, ನಿಮ್ಮ ದಾರಿ, ನಿಮ್ಮ ಆತುರ ಎಲ್ಲವೂ ಕೂಡಿದ ಅಂಕಿ ಸಿಗುತ್ತದೆ.

ದೂರ ಪ್ರಯಾಣಕ್ಕೆ ಮೈಲೇಜು ಒಂದೇ ಸಾಲದು. ಟ್ಯಾಂಕಿನ ಹೊಟ್ಟೆಯೂ ಬೇಕು. ಈ ಎರಡರ ಗುಣಲಬ್ಧವೇ ಬಂಡಿ ಒಂದೇ ಓಟಕ್ಕೆ ಕ್ರಮಿಸಬಲ್ಲ ದೂರ. ಪ್ಯಾರಿಸ್‌ನಿಂದ ಡಾಕಾರ್‌ಗೆ ಮರಳುಗಾಡಿನಲ್ಲಿ ನಡೆಯುತ್ತಿದ್ದ ಪಂದ್ಯದ ಹೆಸರಿನಲ್ಲಿ ಬಿಎಂಡಬ್ಲ್ಯು ಕಂಪನಿ ೧೯೮೪ರಲ್ಲಿ ಹೊರತಂದ ಬಂಡಿಗೆ ೩೨ ಲೀಟರಿನ ಟ್ಯಾಂಕಿತ್ತು. ನಮ್ಮ ದೇಶದ ಹಿಮಾಲಯನ್ ಬಂಡಿಗೆ ೨೦೧೬ರಲ್ಲಿ ೧೫ ಲೀಟರಿನ ಟ್ಯಾಂಕು ಇಟ್ಟರು. ೨೦೨೩ರಲ್ಲಿ ಬಂದ ಹೊಸ ಮಾದರಿಗೆ ೧೭. ಹಾಗಾದರೆ ಎಲ್ಲರೂ ಐವತ್ತು ಲೀಟರಿನ ಟ್ಯಾಂಕು ಇಡಬಾರದೇಕೆ? ಪೆಟ್ರೋಲಿಗೆ ತೂಕವಿದೆ. ಲೀಟರಿಗೆ ಮುಕ್ಕಾಲು ಕಿಲೋ. ೩೨ ಲೀಟರೆಂದರೆ ೨೪ ಕಿಲೋ, ಹೆಚ್ಚುಕಡಮೆ ಒಂದು ಅಕ್ಕಿ ಮೂಟೆ. ಅದನ್ನು ಸವಾರನ ಮೊಣಕಾಲುಗಳ ನಡುವೆ, ಅಷ್ಟು ಎತ್ತರದಲ್ಲಿ ಇರಿಸಿಕೊಂಡು ಮರಳಿನಲ್ಲೋ ಕೆಸರಿನಲ್ಲೋ ತಿರುಗುವುದು ಸುಲಭವಲ್ಲ. ಪೆಟ್ರೋಲನ್ನು ಹೊರಲಿಕ್ಕೂ ಪೆಟ್ರೋಲು ಬೇಕು.

ನಾನು ಈ ವಿದ್ಯೆಯ ಮೊದಲ ಪಾಠ ಕಲಿತದ್ದು ಮೈಸೂರಿನಲ್ಲಿ, ನಮ್ಮ ತಂದೆಯವರ ಯೆಜ್ಡಿಯ ಮೇಲೆ. ೧೯೬೧ರಲ್ಲಿ ಮೈಸೂರಿನಲ್ಲಿ ಆರಂಭವಾಗಿ ೧೯೯೬ರಲ್ಲಿ ಮುಚ್ಚಿಹೋದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು ಅದು. ಬಂಕಿಗೆ ಹೋದರೆ ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಬೆರೆಸಿ ಹಾಕಿಸಬೇಕಿತ್ತು. ದಾರಿಯಲ್ಲಿ ಬಂಡಿ ನಿಂತರೆ ತಂದೆಯವರು ಗಾಬರಿಯಾಗುತ್ತಿರಲಿಲ್ಲ. ನಲ್ಲಿಯನ್ನು ರಿಸರ್ವಿಗೆ ತಿರುಗಿಸುವರು. ಅದೂ ಮುಗಿದರೆ ನನ್ನನ್ನು ಇಳಿಸಿ, ಬಂಡಿಯನ್ನು ನಲ್ಲಿಯಿದ್ದ ಪಕ್ಕಕ್ಕೆ ಚೆನ್ನಾಗಿ ವಾಲಿಸಿ, ಒಂದು ನಿಮಿಷ ಹಿಡಿದು ನಿಲ್ಲುವರು. ಟ್ಯಾಂಕು ಚೌಕಟ್ಟಿನ ಕೊಳವೆಯ ಮೇಲೆ ಜೀನಿನಂತೆ ಕುಳಿತಿರುತ್ತದೆ. ಆ ಕಡೆಯ ಹೊಟ್ಟೆಯಲ್ಲಿ ಉಳಿದದ್ದು ಈ ಕಡೆಗೆ ತಾನಾಗಿ ಹರಿದು ಬಾರದು. ವಾಲಿಸಿದರೆ ಬರುತ್ತದೆ. ಆ ಅರ್ಧ ಪಾವಿನಲ್ಲಿ ನಾವು ಎಷ್ಟೋ ಸಲ ಮನೆ ಸೇರಿದ್ದೇವೆ. ಇಂದಿನ ಇಂಜೆಕ್ಷನ್ ಬಂಡಿಗಳಲ್ಲಿ ಆ ನಲ್ಲಿಯೇ ಇಲ್ಲ. ಒಂದು ದೀಪ ಹೊತ್ತಿಕೊಂಡು ಎಚ್ಚರಿಸುತ್ತದೆ. ಅವುಗಳ ಟ್ಯಾಂಕನ್ನು ಪೂರ್ತಿ ಬತ್ತಿಸುವುದು ಒಳ್ಳೆಯದೂ ಅಲ್ಲ, ಏಕೆಂದರೆ ಒಳಗಿರುವ ಪಂಪಿಗೆ ತಂಪು ಕೊಡುವುದು ಪೆಟ್ರೋಲೇ.

ಇನ್ನು ಕಥೆಗೆ ಬರುತ್ತೇನೆ. ೨೦೧೮ರ ಜುಲೈ ತಿಂಗಳಿನಲ್ಲಿ ನಾನೂ, ನಮ್ಮ ಕಾಲೇಜಿನ ಭೌತಶಾಸ್ತ್ರದ ಹಿರಿಯ ಮಿತ್ರರೂ ಮನಾಲಿಯಿಂದ ಲೇಹಕ್ಕೆ ಹೊರಟೆವು. ಅಟಲ್ ಸುರಂಗ ತೆರೆದದ್ದು ೨೦೨೦ರಲ್ಲಿ; ಆಗ ರೋಹತಾಂಗ್ ಕಣಿವೆಯನ್ನು ಹತ್ತಿ ಇಳಿದೇ ಹೋಗಬೇಕಿತ್ತು. ಚಂದ್ರಾ ಮತ್ತು ಭಾಗಾ ನದಿಗಳು ಕೂಡಿ ಚಂದ್ರಭಾಗೆಯಾಗುವ ತಾಂಡಿ ಎಂಬಲ್ಲಿ ಒಂದು ಪೆಟ್ರೋಲ್ ಬಂಕು. ಅದರ ಬಳಿ ಆಗ ನಿಂತಿದ್ದ ಫಲಕವನ್ನು ಆ ದಾರಿಯ ಸವಾರರೆಲ್ಲ ಬಲ್ಲರು: ಮುಂದಿನ ಬಂಕು ೩೬೫ ಕಿಲೋಮೀಟರು.

ನಮ್ಮಿಬ್ಬರವೂ ಕಾರ್ಬ್ಯುರೇಟರಿನ ಬುಲೆಟ್ಟುಗಳು. ಟ್ಯಾಂಕು ಹದಿಮೂರೂವರೆ ಲೀಟರು. ಜೊತೆಗೆ ತಲಾ ಐದು ಲೀಟರಿನ ಕ್ಯಾನು. ಒಟ್ಟು ಹದಿನೆಂಟೂವರೆ. ಮೈಸೂರಿನ ದಾರಿಯಲ್ಲಿ ನನ್ನ ಬಂಡಿ ಲೀಟರಿಗೆ ೩೫ ಕೊಡುತ್ತಿತ್ತು. ಬೆಟ್ಟದಲ್ಲಿ ೨೫ ಎಂದು ಹಿಡಿಯಲು ಮಿತ್ರರು ಹೇಳಿದರು. ಹಾಗೆ ಹಿಡಿದರೂ ೪೬೨ ಕಿಲೋಮೀಟರು. ನೂರಕ್ಕೆ ಸಮೀಪದ ಉಳಿತಾಯ! ನಿಶ್ಚಿಂತೆಯಿಂದ ಹೊರಟೆವು.

ಬಾರಾಲಾಚಾ ಕಣಿವೆಯನ್ನು ಏರುವಾಗಲೇ ಬಂಡಿಯ ಉಸಿರು ಕಟ್ಟತೊಡಗಿತು. ಸುಮಾರು ೪,೮೯೦ ಮೀಟರಿನ ಎತ್ತರ ಅದು. ಐದು ಸಾವಿರ ಮೀಟರಿನಲ್ಲಿ ವಾಯುವಿನ ಒತ್ತಡ ಸಮುದ್ರದ ಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸುವೇ ಹೆಚ್ಚು. ಕಾರ್ಬ್ಯುರೇಟರಿಗೆ ಇದು ತಿಳಿಯದು. ಗಾಳಿ ತೆಳುವಾದರೂ ಅದು ಪೆಟ್ರೋಲನ್ನು ತಕ್ಕಷ್ಟು ಕಡಮೆ ಮಾಡುವುದಿಲ್ಲ. ಬಂಡಿ ಅರೆಬೆಂದದ್ದನ್ನು ಕಪ್ಪು ಹೊಗೆಯಾಗಿ ಉಗುಳುತ್ತ, ಎರಡನೆಯ ಗೇರಿನಲ್ಲಿ ತೇಕುತ್ತ ಹತ್ತುತ್ತದೆ. ಇಂಜೆಕ್ಷನ್ ಬಂಡಿಗಳು ಒತ್ತಡವನ್ನು ಅಳೆದು ಪೆಟ್ರೋಲನ್ನು ತಿದ್ದಿಕೊಳ್ಳುತ್ತವೆ. ಅವುಗಳ ಸವಾರರು ನಮಗೆ ಕೈಬೀಸಿ ಮುಂದೆ ಹೋದರು.

ತಾಂಡಿಯಿಂದ ಸುಮಾರು ೧೧೫ ಕಿಲೋಮೀಟರು ದೂರದ ಸರ್ಚುವಿನ ಡೇರೆಗಳಲ್ಲಿ ಇಳಿದು ಕ್ಯಾನನ್ನು ಟ್ಯಾಂಕಿಗೆ ಸುರಿದೆ. ಐದು ಲೀಟರೂ ಹಿಡಿಯಿತು. ಇನ್ನೂ ಅರ್ಧ ಲೀಟರಿನಷ್ಟು ಜಾಗ ಉಳಿಯಿತು. ಅಂದರೆ ಐದೂವರೆ ಲೀಟರು ಉರಿದಿತ್ತು. ಲೀಟರಿಗೆ ೨೧! ರಾತ್ರಿ ಚಳಿಗೂ ಎತ್ತರದ ತಲೆನೋವಿಗೂ ನಿದ್ರೆ ಬಾರದೆ ಮತ್ತೆ ಮತ್ತೆ ಲೆಕ್ಕ ಹಾಕಿದೆ. ಉಳಿದಿರುವುದು ೧೩ ಲೀಟರು, ೨೧ರಂತೆ ೨೭೩ ಕಿಲೋಮೀಟರು. ಉಳಿದ ದಾರಿ ೨೫೦. ನನಗೂ ನಡುದಾರಿಯ ಹಿಮಕ್ಕೂ ನಡುವೆ ಇದ್ದದ್ದು ಒಂದು ಲೀಟರು.

ಮರುದಿನ ಬೆಳಗ್ಗೆ ಗಾಟಾ ತಿರುವುಗಳನ್ನು ಹತ್ತಿದೆವು. ಇಪ್ಪತ್ತೊಂದು ತಿರುವುಗಳು, ಒಂದರ ಮೇಲೊಂದು. ಅಲ್ಲಿ ಒಂದೆಡೆ ಕಲ್ಲಿನ ಪುಟ್ಟ ಗುಡಿಯಂಥದೊಂದು ಇದೆ; ಅದರ ಸುತ್ತ ನೂರಾರು ನೀರಿನ ಬಾಟಲಿಗಳು. ಹಿಂದೊಮ್ಮೆ ಹಿಮದಲ್ಲಿ ಲಾರಿ ಕೆಟ್ಟು, ಡ್ರೈವರು ಸಹಾಯ ತರಲು ಹೋದಾಗ, ಕಾವಲಿದ್ದ ಕ್ಲೀನರು ಹಸಿವು ಬಾಯಾರಿಕೆಗಳಿಂದ ಸತ್ತನೆಂದೂ, ಇಂದಿಗೂ ಆತ ದಾರಿಹೋಕರಲ್ಲಿ ನೀರು ಬೇಡುವನೆಂದೂ ಅಲ್ಲಿನವರು ಹೇಳುತ್ತಾರೆ. ನಾನೂ ಇಳಿದು ಒಂದು ಬಾಟಲಿ ನೀರನ್ನು ಇಟ್ಟು ಕೈಮುಗಿದೆ. ಮಿತ್ರರು ಅಷ್ಟರಲ್ಲಿ ಮುಂದೆ ಹೋಗಿದ್ದರು.

ತಿರುವುಗಳು ಮುಗಿದ ಕಡೆ ಒಬ್ಬಾತ ಕೈ ಅಡ್ಡ ಹಿಡಿದ. ಐವತ್ತರ ವಯಸ್ಸು. ಪಕ್ಕದಲ್ಲಿ ಒಂದು ಸಣ್ಣ ಬೈಕು. ಕಲ್ಲಿನ ಮೇಲೆ ಹತ್ತು ವರ್ಷದ ಹುಡುಗ, ಕಂಬಳಿ ಹೊದ್ದು ಕುಳಿತಿದ್ದ. ಪೆಟ್ರೋಲಿನ ಕೊಳವೆ ಸೀಳಿ ರಾತ್ರಿ ಎಲ್ಲವೂ ಸೋರಿಹೋಗಿತ್ತಂತೆ. ಕೊಳವೆಯನ್ನು ಬಟ್ಟೆ ಕಟ್ಟಿ ಸರಿಮಾಡಿದ್ದ. ಪಾಂಗ್ ತಲುಪಿದರೆ ಸಾಕು, ಒಂದು ಲೀಟರು ಕೊಡಿ, ದುಡ್ಡು ಕೊಡುತ್ತೇನೆ ಎಂದು ಹಿಂದಿಯಲ್ಲಿ ಕೇಳಿದ.

ಒಂದು ಲೀಟರು. ರಾತ್ರಿಯೆಲ್ಲ ನಾನು ಎಣಿಸಿದ್ದ ಅದೇ ಲೀಟರು.

ಇಲ್ಲ ಎಂದೆ. ಕಾರಣವನ್ನೂ ಹೇಳಿದೆ, ಇಷ್ಟು ದೂರ, ಇಷ್ಟು ಲೀಟರು ಎಂದು ನನ್ನ ಮುರುಕು ಹಿಂದಿಯಲ್ಲಿ ವಿವರಿಸಿದೆ. ಆತ ವಾದಿಸಲಿಲ್ಲ. ತಲೆಯಾಡಿಸಿ ದಾರಿ ಬಿಟ್ಟ. ಹುಡುಗ ನನ್ನ ಬಂಡಿಯ ಟ್ಯಾಂಕನ್ನೇ ನೋಡುತ್ತಿದ್ದ.

ಮೂರು ಕಿಲೋಮೀಟರು ಮುಂದೆ ಮಿತ್ರರು ಕಾದಿದ್ದರು. ಆತನ ಸನ್ನೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ನಡೆದುದನ್ನು ಹೇಳಿ, ಸಮರ್ಥನೆಗೆಂದು ನನ್ನ ಲೆಕ್ಕವನ್ನೂ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು. ಬಳಿಕ ಶಾಂತವಾಗಿ ನುಡಿದರು: “ಮೇಷ್ಟ್ರೇ, ಭಾಗಾಕಾರ ಸರಿಯಾಗಿದೆ. ಆದರೆ ನಿನ್ನೆಯ ದಾರಿಯ ಅಂಕಿಯನ್ನು ಇವತ್ತಿನ ದಾರಿಗೆ ಹಾಕಿದ್ದೀರಿ.  ನಿನ್ನೆ ತಾಂಡಿಯಿಂದ ಬಾರಾಲಾಚಾದವರೆಗೆ ಬಹಳ ಎತ್ತರ ಹತ್ತಿದ್ದೇವೆ. ಬಂಡಿ, ನೀವು, ಸಾಮಾನು ಸೇರಿ ಮುನ್ನೂರು ಕಿಲೋ. ಅಷ್ಟನ್ನು ಮೇಲೆತ್ತಲಿಕ್ಕೇ ಮುಕ್ಕಾಲು ಲೀಟರಿಗಿಂತ ಹೆಚ್ಚು ಹೋಗಿದೆ. ಸರ್ಚು ೪,೩೦೦, ಲೇಹ ೩,೫೦೦. ಇನ್ನೂ ಎರಡು ದೊಡ್ಡ ಏರು ಇವೆ, ನಿಜ. ಆದರೆ ನಡುವೆ ಮೋರೆ ಬಯಲು ನಲವತ್ತು ಕಿಲೋಮೀಟರು ಸಪಾಟಾಗಿದೆ. ತಾಂಗ್ಲಾಂಗ್ ಲಾ ದಾಟಿದರೆ ಸಿಂಧೂ ನದಿಯವರೆಗೆ ಬರೀ ಇಳಿಜಾರು.” ಇಷ್ಟು ಹೇಳಿ, ಮತ್ತೇನನ್ನೂ ಹೇಳದೆ ತಮ್ಮ ಬಂಡಿಯನ್ನು ಹಿಂದಕ್ಕೆ ತಿರುಗಿಸಿದರು. ನಾನೂ ತಿರುಗಿಸಿದೆ.

ನಾವು ಹೋಗುವಷ್ಟರಲ್ಲಿ ಆ ಜಾಗ ಬರಿದಾಗಿತ್ತು. ಬಂಡಿಯಿಲ್ಲ, ತಂದೆಯಿಲ್ಲ, ಹುಡುಗನಿಲ್ಲ. ಕೆಳಗಿನ ತಿರುವಿನಲ್ಲಿ ಸರ್ಚುವಿನ ಕಡೆಗೆ ಇಳಿಯುತ್ತಿದ್ದ ಒಂದು ಲಾರಿ ಕಂಡಿತು. ಅವರನ್ನು ಅದೇ ಹತ್ತಿಸಿಕೊಂಡಿರಬೇಕು ಎಂದರು ಮಿತ್ರರು. ಇರಬೇಕು. ಆದರೆ ಅವರು ಹೋಗಬೇಕಾಗಿದ್ದದ್ದು ಪಾಂಗಿಗೆ, ಲಾರಿ ಹೋಗುತ್ತಿದ್ದದ್ದು ಹಿಂದಕ್ಕೆ. ಎರಡು ತಿರುವು ಕೆಳಗೆ, ಸತ್ತವನಿಗೆ ನಾನು ಇಟ್ಟ ನೀರಿನ ಬಾಟಲಿ ಬಿಸಿಲಿಗೆ ಹೊಳೆಯುತ್ತಿತ್ತು.

ಅಂದು ಸಂಜೆ, ಲೇಹಕ್ಕೆ ಇನ್ನೂ ೩೫ ಕಿಲೋಮೀಟರು ಇರುವಾಗ, ಕಾರು ಎಂಬ ಊರಿನಲ್ಲಿ ಒಂದು ಪೆಟ್ರೋಲ್ ಬಂಕು ಎದುರಾಯಿತು. ತಾಂಡಿಯ ಫಲಕ ಇದನ್ನು ಎಣಿಸಿರಲಿಲ್ಲ. ಟ್ಯಾಂಕು ತುಂಬಿಸಿದೆ. ಬಂಕಿನ ಮೀಟರು ೯ ಲೀಟರಿಗೆ ನಿಂತಿತು. ನನ್ನಲ್ಲಿ ನಾಲ್ಕೂವರೆ ಲೀಟರು ಉಳಿದಿತ್ತು. ಹಿಂದೆ ಮುಂದೆ ಓಡಾಡಿದ್ದೂ ಸೇರಿ ಸರ್ಚುವಿನಿಂದ ೨೨೧ ಕಿಲೋಮೀಟರು. ಬಂಡಿ ಲೀಟರಿಗೆ ೨೬ ಕೊಟ್ಟಿತ್ತು. ವಿದ್ಯಾರ್ಥಿಗೆ ನಾನು ಹೇಳಿದ ಅಂಕಿ ಅದೇ.

ಈ ದಾರಿಗೆ ಹೊರಡುವವರಿಗೆ ನನ್ನ ಅನುಭವದ ಮಾತು ಮೂರೇ. ಮನೆಯ ದಾರಿಯ ಮೈಲೇಜಿನಲ್ಲಿ ಮೂರನೆಯ ಒಂದು ಪಾಲನ್ನು ಕಳೆದು ಲೆಕ್ಕ ಹಾಕಿರಿ. ಬಂಕು ಸಿಕ್ಕಿದಲ್ಲೆಲ್ಲ ತುಂಬಿಸಿರಿ. ಅರ್ಧ ಟ್ಯಾಂಕಿದೆಯಲ್ಲ ಎಂದು ಮುಂದೆ ಹೋಗಬೇಡಿರಿ. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಒಯ್ಯದೆ ಅದಕ್ಕೆಂದೇ ಮಾಡಿದ ಕ್ಯಾನಿನಲ್ಲಿ ಒಯ್ಯಿರಿ. ಎತ್ತರಕ್ಕೆ ಹೋದಂತೆ ಆವಿ ಹಿಗ್ಗುವುದರಿಂದ ಅದರ ಕಂಠದ ಬಳಿ ತುಸು ಜಾಗ ಬಿಟ್ಟಿರಬೇಕು; ಮುಚ್ಚಳವನ್ನು ಮೆಲ್ಲಗೆ ತೆಗೆಯಬೇಕು.

ಆ ವರ್ಷದಿಂದ ಈಚೆಗೆ ನಾನು ಎಲ್ಲಿಗೇ ದೂರ ಹೊರಡಲಿ, ಇನ್ನೊಂದು ಸಣ್ಣ ಕ್ಯಾನು ಜೊತೆಗಿರುತ್ತದೆ. ಅದರಲ್ಲಿ ಒಂದು ಲೀಟರು. ನನ್ನ ಲೆಕ್ಕದ ಹಾಳೆಯಲ್ಲಿ ಅದನ್ನು ಸೇರಿಸುವುದಿಲ್ಲ. ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರು ಇಬ್ಬರು, ಒಮ್ಮೆ ಹಿರಿಯೂರಿನ ಬಳಿ, ಒಮ್ಮೆ ಶಿರಾಡಿ ಘಾಟಿಯಲ್ಲಿ. ಕೊಟ್ಟಿದ್ದೇನೆ. ಆದರೂ ಕೊಡಬೇಕಾದ ಒಂದು ಲೀಟರು ಇನ್ನೂ ನನ್ನಲ್ಲೇ ಉಳಿದಿದೆ. ನಾಳೆ ತರಗತಿ ಮುಗಿದ ಮೇಲೆ ಆ ಹುಡುಗನನ್ನು ಕರೆದು ಉಳಿದ ಕಥೆಯನ್ನೂ ಹೇಳಬೇಕು ಎಂದುಕೊಂಡಿದ್ದೇನೆ.