ಕಾಂಬೆರೆನ್‌ನ ಕಡಲು ಯಾರ ಚರಂಡಿ?

ಸೆನೆಗಲ್ ರಾಜಧಾನಿ ಡಕಾರಿನ ಅಂಚಿನಲ್ಲಿ, ಅಟ್ಲಾಂಟಿಕ್ ದಡದಲ್ಲಿರುವ ಕಾಂಬೆರೆನ್‌ನಲ್ಲಿ ಸಿಗರೇಟು ಸೇದುವಂತಿಲ್ಲ, ಮದ್ಯ ಮಾರುವಂತಿಲ್ಲ. ಲಾಯೆನ್ ಸೂಫಿ ಪಂಥದ ಈ ಊರಿನ ಬಗ್ಗೆ ಹೊರಗಿನವರು ಹೇಳುವುದು ಹೆಚ್ಚಾಗಿ ಇಷ್ಟೇ. ಇದು ಅರ್ಧ ಚಿತ್ರ ಮಾತ್ರ.

ಪಂಥದ ಮೂಲಪುರುಷ ಲಿಮಾಮು ಲಾಯ್ ಲೆಬು ಸಮುದಾಯದ ಮೀನುಗಾರ. 1880ರ ದಶಕದಲ್ಲಿ ಪಕ್ಕದ ಯೋಫ್‌ನಲ್ಲಿ ತಮ್ಮನ್ನು ಮಹದಿ, ಅಂದರೆ ಮುಸ್ಲಿಮರು ಎದುರುನೋಡುವ ಮಾರ್ಗದರ್ಶಕ, ಎಂದು ಸಾರಿಕೊಂಡಾಗ ಫ್ರೆಂಚ್ ಆಡಳಿತ ಬೆದರಿ, ಅವರನ್ನು ಬಂಧಿಸಿತು. ಅನುಯಾಯಿಗಳೆಲ್ಲರಿಗೂ ಅವರು ‘ಲಾಯ್’ ಎಂಬ ಒಂದೇ ಉಪನಾಮ ಕೊಟ್ಟರು. ಹೆಸರು ಕೇಳಿದೊಡನೆ ಜಾತಿ ಗುರುತಿಸುತ್ತಿದ್ದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಸಂಪ್ರದಾಯಸ್ಥರೆಂದು ಕರೆಸಿಕೊಳ್ಳುವವರ ಪರಂಪರೆಯಲ್ಲೇ ಇಂಥ ಸಮಾನತೆಯ ಹೆಜ್ಜೆಯಿದೆ ಎಂಬುದನ್ನು ಮರೆಯಬಾರದು.

ಸಿಗರೇಟು, ಮದ್ಯವನ್ನು ದೂರವಿಟ್ಟ ಕಾಂಬೆರೆನ್ ಶುದ್ಧಿಗೆ ಬೆಲೆ ಕೊಡುವ ಊರು. ಆದರೆ ಡಕಾರ್ ತನ್ನ ಕೊಳಚೆ ನೀರಿನ ಶುದ್ಧೀಕರಣ ಘಟಕಕ್ಕೆ ಆರಿಸಿಕೊಂಡದ್ದೂ ಇದನ್ನೇ. 1989ರಿಂದ ಘಟಕ ನಡೆಯುತ್ತಿದೆ. ನಗರ ಬೆಳೆದಂತೆ ಹೊರೆಯೂ ಬೆಳೆಯಿತು. ದುರ್ವಾಸನೆ, ಕೆಟ್ಟ ಕಡಲತೀರ, ಮೀನುಗಾರಿಕೆಯ ಚಿಂತೆ ಇಲ್ಲಿನವರ ಪಾಲಿಗೆ ಬಂದವು. ಯುವಕರು ಬೀದಿಗಿಳಿದು ಪ್ರತಿಭಟಿಸಿದ್ದಾರೆ.

ಈ ಕೂಗನ್ನು ಮಡಿವಂತರ ಹಟವೆಂದು ತಳ್ಳಿಹಾಕುವುದು ಅನ್ಯಾಯ. ಅವರು ಕೇಳುತ್ತಿರುವುದು ಧಾರ್ಮಿಕ ರಿಯಾಯಿತಿಯನ್ನಲ್ಲ, ಉಸಿರಾಡಲು ಗಾಳಿ ಮತ್ತು ಬಲೆ ಬೀಸಲು ಕಡಲು. ಘಟಕದಿಂದ ಹೊರಬೀಳುವ ನೀರಿನ ಗುಣಮಟ್ಟವನ್ನು ನಿಯಮಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದಿಡಬೇಕು. ಆ ನೀರನ್ನು ಕಡಲಿಗೆ ಒಯ್ಯುವ ಕೊಳವೆ ಎಲ್ಲಿ ಹಾಯಬೇಕೆಂಬ ತೀರ್ಮಾನದಲ್ಲಿ ಊರಿನ ಹಿರಿಯರಿಗೂ ಮೀನುಗಾರರಿಗೂ ಸ್ಥಾನವಿರಬೇಕು.