ಉಸಿರಿನ ಬಾಗಿಲು

ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ಉಪವಾಸವಿರಿಸುವುದೇಕೆ, ಅದು ಬರಿಯ ಆಸ್ಪತ್ರೆಯ ಮಡಿಯೋ ಅಥವಾ ಅದಕ್ಕೊಂದು ಕಾರಣವುಂಟೋ ಎಂದು ವಾಚಕರೊಬ್ಬರು ಕೇಳಿ ಕಾಗದ ಬರೆದಿರುತ್ತಾರೆ. ಕಾರಣವುಂಟು. ಅದನ್ನು ನಾವು ಗ್ರಂಥಾವಲೋಕನದಿಂದಲ್ಲ, ನಮ್ಮ ಅವಿವೇಕದಿಂದಲೇ ಕಲಿತೆವಾದುದರಿಂದ, ನಾಚಿಕೆಯನ್ನು ಬದಿಗಿಟ್ಟು ನಿವೇದಿಸುತ್ತೇವೆ.

ಕಳೆದ ವರ್ಷ ಆರು ವರ್ಷದ ನಮ್ಮ ಮೊಮ್ಮಗನಿಗೆ ತೊಡೆಸಂದಿನ ಹರ್ನಿಯದ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ಹಿಂದಿನ ರಾತ್ರಿಯ ಊಟವಾದ ಮೇಲೆ ಏನನ್ನೂ ಕೊಡಕೂಡದು, ತಿಳಿನೀರು ಮಾತ್ರ ಎರಡು ಗಂಟೆ ಮುಂಚಿನವರೆಗೆ ಆಗಬಹುದು ಎಂದು ವೈದ್ಯರ ಅಪ್ಪಣೆ. ಬೆಳಗಿನ ಐದು ಗಂಟೆಗೆ ಮಗು ಎದ್ದು, "ತಾತಾ, ಹಸಿವು" ಎಂದಿತು. ಸೊಸೆ ಸ್ನಾನಕ್ಕೆ ಹೋಗಿದ್ದಳು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟವಾದ ಆಹಾರವನ್ನುಣಿಸಬೇಕು, ಅನ್ನಬಲವಿದ್ದವನು ಮೂರ್ಛೆಹೋಗನು, ಮದ್ಯಪಾನದ ಅಭ್ಯಾಸವುಳ್ಳವನಿಗೆ ತೀಕ್ಷ್ಣವಾದ ಮದ್ಯವನ್ನು ಕೊಟ್ಟರೆ ಅವನಿಗೆ ಶಸ್ತ್ರದ ಅರಿವೇ ಆಗದು ಎಂಬರ್ಥದ ಮಾತುಂಟು. ಮದ್ಯದ ವಿಷಯ ಹಾಗಿರಲಿ, ಹಾಲಿಗೇನು ದೋಷವೆಂದು ನಾವು ಒಂದು ಲೋಟ ಹಾಲನ್ನು ಬೆಚ್ಚಗೆ ಮಾಡಿ ಕುಡಿಸಿಬಿಟ್ಟೆವು. ನೀರಿನಂತೆ ಹಾಲೂ ದ್ರವವೇ ಅಲ್ಲವೇ ಎಂಬ ತರ್ಕವೂ ನಮ್ಮಲ್ಲಿತ್ತು.

ಏಳೂವರೆಗೆ ಅರಿವಳಿಕೆಯ ವೈದ್ಯೆ ಬಂದು, ಮಗುವಿನ ಬಾಯಿಯನ್ನು ತೆರೆಯಿಸಿ ನೋಡಿ, "ಬೆಳಗ್ಗೆ ಏನಾದರೂ ಹೊಟ್ಟೆಗೆ ಹೋಗಿದೆಯೆ?" ಎಂದು ಕೇಳಿದರು. "ಏನೂ ಇಲ್ಲ" ಎಂದಳು ಸೊಸೆ. ನಾವು ಮೌನವಾಗಿದ್ದೆವು. ಮೂವತ್ತೈದು ವರ್ಷ ಹುಡುಗರಿಗೆ ನಿಜವನ್ನೇ ಆಡಬೇಕೆಂದು ಬೋಧಿಸಿದ ಬಾಯಿ ಸೊಸೆಯ ಮುಂದೆ ತೆರೆಯಲೊಲ್ಲದಾಯಿತು. ಗಾಡಿಯ ಮೇಲೆ ಮಗುವನ್ನು ಮಲಗಿಸುವ ಹೊತ್ತಿಗೆ ತಡೆಯಲಾರದೆ ಹೇಳಿಬಿಟ್ಟೆವು. ಸೊಸೆ ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆವು. ವೈದ್ಯೆ ಮಾತ್ರ, "ಹೇಳಿದಿರಲ್ಲ ಮೇಷ್ಟ್ರೇ, ಅಷ್ಟೇ ಸಾಕು. ಹಾಲಾದರೆ ಆರು ಗಂಟೆ ಕಳೆಯಬೇಕು; ಇವತ್ತು ಪಟ್ಟಿ ತುಂಬಿದೆ, ನಾಲ್ಕು ದಿನ ಬಿಟ್ಟು ಬನ್ನಿ" ಎಂದರು. ಆಮೇಲೆ ಬಿಡುವಾದಾಗ ನಮ್ಮನ್ನು ಕರೆದು, ಆ ದಿನ ಮಗುವಿನ ಗಂಟಲಿನಲ್ಲಿ ಇಡಬೇಕಾಗಿದ್ದ ಉಪಕರಣದಂತಹುದನ್ನೇ ಒಂದನ್ನು ತೋರಿಸಿದರು.

ಅದರ ಹೆಸರು ಲ್ಯಾರಿಂಜಿಯಲ್ ಮಾಸ್ಕ್. ಬೆರಳುದ್ದದ ಒಂದು ದೊನ್ನೆಯನ್ನು ವಾಚಕರು ಊಹಿಸಿಕೊಳ್ಳಲಿ. ಅದರ ಅಂಚಿಗೆ ಸೈಕಲ್ಲಿನ ಟ್ಯೂಬಿನಂತೆ ಗಾಳಿ ತುಂಬುವ ಮೆತ್ತನೆಯ ಬಳೆ, ಬೆನ್ನಿಗೆ ಬಾಗಿದ ಒಂದು ಕೊಳವೆ. ಅರಿವಳಿಕೆಯ ನಿದ್ರೆ ನಮ್ಮ ನಿಮ್ಮ ನಿದ್ರೆಯಲ್ಲ. ಅದರಲ್ಲಿ ನಾಲಿಗೆ ಸಡಿಲಗೊಂಡು ಹಿಂದಕ್ಕೆ ಬಿದ್ದು ಉಸಿರಿನ ದಾರಿಯನ್ನು ಮುಚ್ಚಬಹುದು. ಕೆಮ್ಮುವ, ನುಂಗುವ ಸ್ವಭಾವಗಳೂ ಅಡಗಿಹೋಗುತ್ತವೆ. ಈ ದೊನ್ನೆಯನ್ನು ಬಾಯಿಯ ಮೂಲಕ ಜಾರಿಸಿದರೆ ಅದು ಧ್ವನಿಪೆಟ್ಟಿಗೆಯ ಬಾಗಿಲಿನ ಮೇಲೆ ಕವುಚಿಕೊಂಡು ಕೂರುತ್ತದೆ, ತುದಿ ಅನ್ನನಾಳದ ಬಾಯಿಗೆ ತಾಗುತ್ತದೆ, ಕೊಳವೆಯಿಂದ ಬಂದ ಗಾಳಿ ನೆಟ್ಟಗೆ ಶ್ವಾಸನಾಳಕ್ಕೆ ಇಳಿಯುತ್ತದೆ. ಧ್ವನಿತಂತುಗಳ ನಡುವೆ ಏನನ್ನೂ ತೂರಿಸಬೇಕಾಗಿಲ್ಲವೆಂಬುದೇ ಇದರ ವಿಶೇಷ. ಅಳತೆಯನ್ನು ತೂಕದಿಂದ ಆರಿಸುತ್ತಾರೆ: 10 ರಿಂದ 20 ಕಿಲೋ ತೂಕದ ಮಗುವಿಗೆ 2 ನೆಯ ಸಂಖ್ಯೆ, 50 ರಿಂದ 70 ಕಿಲೋದವರಿಗೆ 4 ನೆಯದು.

ಇದನ್ನು ಕಂಡುಹಿಡಿದವರು ಆರ್ಚಿ ಬ್ರೇನ್ ಎಂಬ ಆಂಗ್ಲ ವೈದ್ಯರು. (ಆ ಭಾಷೆಯಲ್ಲಿ ಬ್ರೇನ್ ಎಂದರೆ ಮಿದುಳು; ಅನ್ವರ್ಥನಾಮವೆಂದರೆ ಇದೇ.) ಅವರ ಕಾಲದವರೆಗೆ ಎರಡೇ ದಾರಿಗಳಿದ್ದುವೆನ್ನಬಹುದು: ಮುಖದ ಮೇಲೆ ಮುಸುಕನ್ನೊತ್ತಿ ಗದ್ದವನ್ನೆತ್ತಿ ಹಿಡಿದುಕೊಂಡೇ ಇರುವುದು, ಇಲ್ಲವೆ ದೀಪವುಳ್ಳ ಉಪಕರಣದಿಂದ ಗಂಟಲನ್ನು ನೋಡುತ್ತ ಶ್ವಾಸನಾಳದೊಳಕ್ಕೇ ಕೊಳವೆಯನ್ನಿಳಿಸುವುದು. ಮೊದಲನೆಯದರಲ್ಲಿ ಕೈಗೆ ಬಿಡುವಿಲ್ಲ. ಎರಡನೆಯದು ಕುಶಲರ ಕೆಲಸ. 1981 ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಭಾಗದ ಆಸ್ಪತ್ರೆಯಲ್ಲಿದ್ದ ಬ್ರೇನರು, ದಂತವೈದ್ಯರು ಮೂಗಿಗೆ ಇಡುತ್ತಿದ್ದ ಗೋಲ್ಡ್‌ಮನ್ ಮುಸುಕಿನ ರಬ್ಬರಿನ ಅಂಚನ್ನು ಬಿಡಿಸಿ, ಒಂದು ಕೊಳವೆಗೆ ಅಂಟಿಸಿದರು. ಶವಗಳ ಗಂಟಲಿನ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು ಆಕಾರವನ್ನು ತಿದ್ದಿದರು. 1983 ರಲ್ಲಿ ಲೇಖನ ಬಂದಿತು. 1988 ರಲ್ಲಿ ಉಪಕರಣ ಇಂಗ್ಲೆಂಡಿನ ಅಂಗಡಿಗೆ ಬಂದಿತು. 1854 ರಲ್ಲಿ ಮಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಉಪಾಧ್ಯಾಯರು ತಮ್ಮ ಧ್ವನಿಪೆಟ್ಟಿಗೆಯನ್ನು ತಾವೇ ನೋಡಿದ್ದೂ ದಂತವೈದ್ಯರ ಕನ್ನಡಿಯಿಂದಲೇ. ಹೀಗೆ ಹಲ್ಲಿನವರಿಂದ ಗಂಟಲಿಗೆ ಎರಡು ಸಲ ಉಪಕಾರವಾಗಿದೆ.

ಆದರೆ ಹಾಲಿನ ವಿಷಯವೇನು? ದೊನ್ನೆ ಬಾಗಿಲ ಮೇಲೆ ಕೂರುತ್ತದೆಯೇ ಹೊರತು ಬಾಗಿಲನ್ನು ಭದ್ರವಾಗಿ ಬಿಗಿಯುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲಕ್ಕೆ ಉಕ್ಕಿದರೆ ಪಕ್ಕದಿಂದ ಶ್ವಾಸಕೋಶಕ್ಕೆ ಇಳಿದೀತು. ಹಾಲು ಹೊಟ್ಟೆಗೆ ಹೋದೊಡನೆ ಒಡೆದು ಗಟ್ಟಿಯಾಗುವುದರಿಂದ ವೈದ್ಯರು ಅದನ್ನು ಆಹಾರದ ಲೆಕ್ಕಕ್ಕೇ ಹಿಡಿಯುತ್ತಾರೆ. ಹುಳಿಯಾದ ಜಠರರಸ ಶ್ವಾಸಕೋಶವನ್ನು ಸುಡುವ ಬಗೆಯನ್ನು ನ್ಯೂಯಾರ್ಕಿನ ಮೆಂಡೆಲ್ಸನ್ ಎಂಬ ಪ್ರಸೂತಿ ವೈದ್ಯರು 1946 ರಲ್ಲಿಯೇ ವಿವರಿಸಿದ್ದಾರೆ. ಆದುದರಿಂದಲೇ ತುಂಬಿದ ಹೊಟ್ಟೆಯವರಿಗೆ ತುರ್ತು ಶಸ್ತ್ರಚಿಕಿತ್ಸೆಯಾಗಬೇಕಾದರೆ ಶ್ವಾಸನಾಳದ ಕೊಳವೆಯನ್ನೇ ಆರಿಸುತ್ತಾರೆ. 2000 ದಿಂದೀಚೆಗೆ ಬಂದ ಕೆಲವು ಮಾಸ್ಕುಗಳಲ್ಲಿ ಹೊಟ್ಟೆಯ ದ್ರವವನ್ನು ಹೊರಕ್ಕೆ ಹರಿಸಲು ಎರಡನೆಯ ಕಾಲುವೆಯುಂಟು. ಅಪಾಯ ತಗ್ಗಿತು, ಇಲ್ಲವಾಗಲಿಲ್ಲ. ಇದೇ ಮಾಸ್ಕು, ಕೊಳವೆಯನ್ನು ಇಳಿಸಲಾಗದೆ ಮುಖದ ಮುಸುಕೂ ಸೋತ ಸಂಕಟದಲ್ಲಿ ಜೀವವುಳಿಸುವುದೂ ಉಂಟೆಂದು ವೈದ್ಯೆ ಹೇಳಿದರು.

ಮನೆಗೆ ಬಂದು ಸುಶ್ರುತವನ್ನು ತೆರೆದೆವು. ಅದೇ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ, ಮೂಢಗರ್ಭ, ಉದರ, ಅರ್ಶಸ್ಸು, ಅಶ್ಮರಿ, ಭಗಂದರ, ಮುಖರೋಗಗಳಲ್ಲಿ ಉಣ್ಣದಿರುವವನಿಗೇ ಶಸ್ತ್ರಕರ್ಮ ಮಾಡಬೇಕೆಂದು ಹೇಳಲ್ಪಟ್ಟಿದೆ. ಹಿಂದೆ ಅದನ್ನೂ ಓದಿದ್ದೆವು. ಅನುಕೂಲವಾದ ವಾಕ್ಯವೊಂದೇ ನೆನಪಿನಲ್ಲಿ ಉಳಿದಿತ್ತು.

ನಾಲ್ಕು ದಿನ ಕಳೆದು ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಅಂದು ಬೆಳಗ್ಗೆ ಮಗುವಿನ ಬಳಿ ಸೊಸೆಯೇ ಕುಳಿತಿದ್ದಳು. ನಮಗೆ ದೇವರ ಮನೆಯ ಕೆಲಸವನ್ನು ಒಪ್ಪಿಸಿದ್ದಳು. ಎಚ್ಚರವಾದ ಮೇಲೆ ಮಗು ಗಂಟಲು ಕೆರೆಯುತ್ತದೆಂದಿತು. ಅದು ಮಾರನೆಯ ದಿನ ಹೋಯಿತು. ಸಾಯಂಕಾಲ, ಇನ್ನು ಹಾಲು ಕುಡಿಯಬಹುದೇ ಎಂದು ಕೇಳಿತು. ನಾವು ಪಕ್ಕದಲ್ಲಿಯೇ ಇದ್ದೆವು. ಆದರೆ ಕೇಳಿದ್ದು ಅಮ್ಮನನ್ನು.